ಓಲಾಡುವ ನಡಿಗೆ: ಕುತ್ತಿಗೆಯನ್ನೂ ನೋಡಿಸಿ

ತಂದೆಯವರು ಎರಡು ತಿಂಗಳಿಂದ ನಡೆಯುವಾಗ ಓಲಾಡುತ್ತಾರೆ, ಅಂಗಿಯ ಗುಂಡಿ ಹಾಕಲು ತಡವರಿಸುತ್ತಾರೆ, ಸೊಂಟದ ಎಂಆರ್‌ಐ ಸರಿಯಿದೆ, ಇನ್ನೂ ಕಾಯಬಹುದಾ ಅಂತ ಕೇಳಿದ್ದೀರಿ. ನಾನು ಡಾಕ್ಟರಲ್ಲ, ಆದರೆ ನಮ್ಮ ಅಮ್ಮನಿಗೂ ಹೀಗೇ ಆಗಿತ್ತು. ನನ್ನ ಕೇಳಿದರೆ ಕಾಯಬೇಡಿ.

ಗುಂಡಿಯ ವಿಷಯ ಓದಿದ ಕೂಡಲೇ ನನಗೆ ಕುತ್ತಿಗೆ ನೆನಪಾಯಿತು. ಮೆದುಳಿನಿಂದ ಕಾಲಿಗೆ ಹೋಗುವ ಸಂದೇಶವೆಲ್ಲ ಕುತ್ತಿಗೆ ದಾಟಿಯೇ ಇಳಿಯಬೇಕು ಅಲ್ವಾ? ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೊಂಟದ ಸ್ಕ್ಯಾನಿನಲ್ಲಿ ಅದರ ತುದಿಯಷ್ಟೇ ಕಾಣುವುದು. ಕುತ್ತಿಗೆಯಲ್ಲಿ ಹುರಿ ಒತ್ತಿಹೋದರೂ ನೋವೇ ಇಲ್ಲದಿರಬಹುದು. ಅಮ್ಮನಿಗೂ ಇರಲಿಲ್ಲ. ಮುಖ ತೊಳೆಯಲು ಕಣ್ಣು ಮುಚ್ಚಿದರೆ ವಾಲುತ್ತಿದ್ದರು. ಚಪ್ಪಲಿ ಕಳಚಿದ್ದು ಗೊತ್ತಾಗದೆ ನಾಲ್ಕು ಹೆಜ್ಜೆ ಮುಂದೆ ಹೋಗಿರುತ್ತಿದ್ದರು. ನಾವು ವಯಸ್ಸಾಯ್ತು ಅಂದುಕೊಂಡು ಮೂರು ತಿಂಗಳು ಸುಮ್ನೆ ಮಂಡಿಗೆ ಎಣ್ಣೆ ತಿಕ್ಕಿದೆವು!

ತಂದೆಯವರು 10 ಸೆಕೆಂಡಿನಲ್ಲಿ ಎಷ್ಟು ಸಲ ಮುಷ್ಟಿ ಬಿಗಿದು ಪೂರ್ತಿ ಬಿಡಿಸುತ್ತಾರೆ, ಎಣಿಸಿ. ಸಾಮಾನ್ಯವಾಗಿ 20 ಆಗುತ್ತದೆ. ಎಷ್ಟೇ ಆಗಲಿ, ಈ ವಾರವೇ ನರರೋಗ ತಜ್ಞರಿಗೆ ತೋರಿಸಿ, ಕುತ್ತಿಗೆಯ ಎಂಆರ್‌ಐ ಬೇಕಾ ಅಂತ ನೇರವಾಗಿ ಕೇಳಿ. ಎಕ್ಸ್‌ರೇಯಲ್ಲಿ ಹುರಿ ಕಾಣುವುದಿಲ್ಲ. ಬಿ12 ಕೊರತೆಯಿಂದಲೂ ಹೀಗಾಗುತ್ತದೆ, ರಕ್ತಪರೀಕ್ಷೆ ಬಗ್ಗೆಯೂ ಕೇಳಿ. ಪೇಸ್‌ಮೇಕರ್ ಇದ್ದರೆ ಸ್ಕ್ಯಾನಿಗೆ ಮೊದಲೇ ಹೇಳಿ. ಕುತ್ತಿಗೆ ತಿರುಗಿಸಿ ಲಟಕ್ ಅನ್ನಿಸುವವರ ಹತ್ತಿರ ಮಾತ್ರ ಕರೆದೊಯ್ಯಬೇಡಿ.

ಮೂತ್ರ ಕಟ್ಟಿದರೆ, ಕೂರುವ ಜಾಗ ಜೋಮು ಹಿಡಿದರೆ, ಕಾಲಿನ ಶಕ್ತಿ ದಿಢೀರ್ ಇಳಿದರೆ, ಬೆನ್ನುನೋವಿನ ಜೊತೆ ಜ್ವರ ಬಂದರೆ ಅಪಾಯಿಂಟ್‌ಮೆಂಟ್ ಕಾಯಬೇಡಿ. ರಾತ್ರಿಯಾದರೂ ತುರ್ತು ವಿಭಾಗಕ್ಕೆ ಹೋಗಿ. ಬೆಂಗಳೂರಿನಲ್ಲಿದ್ದರೆ ನಿಮ್ಹಾನ್ಸ್‌ನದು 24 ಗಂಟೆಯೂ ತೆರೆದಿರುತ್ತದೆ.