ಪದವಿ ಆಯಿತು, ಡಿಸೈನ್ ಕೆಲಸಕ್ಕೆ ತಯಾರಿ ಹೇಗೆ?

ಪ್ರಶ್ನೆ: ಬಿ.ಎ. ಮುಗಿಸಿದ್ದೇನೆ, ಫೋಟೋಶಾಪ್ ಬರುತ್ತದೆ. ಗ್ರಾಫಿಕ್ ಡಿಸೈನರ್ ಆಗಲು ಇನ್ನೇನು ಕಲಿಯಬೇಕು?
– ಓದುಗರು, ತುಮಕೂರು

ಉತ್ತರ: ಫೋಟೋಶಾಪ್ ಒಂದೇ ಸಾಲದು. ಲೋಗೊಗೆ ಕೋರಲ್‌ಡ್ರಾ ಇಲ್ಲವೇ ಇಲ್ಲಸ್ಟ್ರೇಟರ್ ಕಲಿಯಿರಿ; ಇವು ಚುಕ್ಕಿಗಳ ಬದಲು ಗೆರೆಗಳಲ್ಲಿ ಚಿತ್ರ ಬರೆಯುವ ತಂತ್ರಾಂಶಗಳು. ಫೋಟೋಶಾಪ್‌ನಲ್ಲಿ ಪಿಕ್ಸೆಲ್ ಎಂಬ ಚುಕ್ಕಿಗಳಿಂದ ಮಾಡಿದ ಲೋಗೊವನ್ನು ಫ್ಲೆಕ್ಸ್ ಅಳತೆಗೆ ಹಿಗ್ಗಿಸಿದರೆ ಅಂಚು ಒಡೆಯುತ್ತದೆ. ಬೆಂಗಳೂರಿಗೆ ಅರ್ಜಿ ಹಾಕುವ ಮೊದಲು ನಿಮ್ಮೂರಿನ ಪ್ರಿಂಟಿಂಗ್ ಪ್ರೆಸ್‌ನಲ್ಲಿ ಕೆಲವು ತಿಂಗಳು ಕೆಲಸ ಮಾಡಿ. ಲಗ್ನಪತ್ರಿಕೆಯಷ್ಟು ಚೆನ್ನಾಗಿ ಕಲಿಸುವ ಪಾಠ ಇನ್ನೊಂದಿಲ್ಲ. ಅಚ್ಚಿಗೆ ಕಳಿಸುವ ಫೈಲು ಸಿಎಂವೈಕೆಯಲ್ಲಿರಲಿ (ಅಚ್ಚಿನ ನಾಲ್ಕು ಶಾಯಿಗಳ ಬಣ್ಣ ಪದ್ಧತಿ), ಚಿತ್ರ 300 ಡಿಪಿಐ (ಇಂಚಿಗೆ 300 ಚುಕ್ಕಿ), ಸುತ್ತ 3 ಮಿ.ಮೀ. ಬ್ಲೀಡ್, ಅಂದರೆ ಕತ್ತರಿಸುವ ಗೆರೆಯಾಚೆಗೂ ಚಾಚಿದ ಹಿನ್ನೆಲೆ. ಬ್ಲೀಡ್ ಬಿಡದಿದ್ದರೆ ಕಟಿಂಗ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ.

ಹೊಸಬರು ಹೆಚ್ಚು ಎಡವುವುದು ಕನ್ನಡ ಅಕ್ಷರದಲ್ಲಿ. ಕನ್ನಡ ತಂತ್ರಾಂಶ ನುಡಿಯ ಹಳೆಯ ಫಾಂಟ್‌ನಲ್ಲಿ ಟೈಪ್ ಮಾಡಿದ ಫೈಲನ್ನು ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದರೆ ಪಠ್ಯ ಅರ್ಥವಿಲ್ಲದ ಗುರುತುಗಳಾಗುತ್ತದೆ. ಕರಡು ತಿದ್ದಿದ ಮೇಲೆ ಅಕ್ಷರಗಳನ್ನು ಕರ್ವ್ ಮಾಡಿ, ಅಂದರೆ ಗೆರೆಚಿತ್ರವಾಗಿ ಬದಲಿಸಿ ಕಳಿಸಿ. ಆಮೇಲೆ ಪಠ್ಯ ತಿದ್ದಲಾಗದು, ಹಾಗಾಗಿ ತಿದ್ದಬಲ್ಲ ಪ್ರತಿ ಬೇರೆ ಇರಲಿ.

ಪೋರ್ಟ್‌ಫೋಲಿಯೊಗೆ ಎಂಟು ಒಳ್ಳೆಯ ಕೆಲಸ ಸಾಕು, ಅದರಲ್ಲಿ ಎರಡಾದರೂ ಅಚ್ಚಾದವು ಇರಲಿ.