ಅಲೈನ್‌ಮೆಂಟ್ ಚೀಟಿ ಸರಿಯಿದ್ದರೂ ಟೈರು ಸವೆಯುವುದೇಕೆ?

ಪ್ರಶ್ನೆ: ವೀಲ್ ಅಲೈನ್‌ಮೆಂಟ್ ಮಾಡಿಸಿದಾಗಲೆಲ್ಲ ಚೀಟಿಯಲ್ಲಿನ ಅಂಕಿಗಳು ಮಿತಿಯೊಳಗೇ ಇರುತ್ತವೆ. ಆದರೂ ಮುಂದಿನ ಎರಡೂ ಟೈರುಗಳ ಒಳ ಅಂಚು ಬೇಗ ಸವೆಯುತ್ತಿದೆ. ಈ ಅಳತೆಯನ್ನು ನಂಬಬಹುದೇ? ಮನೆಯಲ್ಲೇ ಪರೀಕ್ಷಿಸಲು ಸಾಧ್ಯವೇ?

ಉತ್ತರ: ಆ ಅಂಕಿಗಳು ಅಳೆಯುವ ಹೊತ್ತಿನಲ್ಲಿ ಕಾರು ಹೇಗೆ ನಿಂತಿತ್ತು ಎಂಬುದನ್ನಷ್ಟೇ ಹೇಳುತ್ತವೆ. ಜಾಕ್‌ನಿಂದ ಎತ್ತಿ ಇಳಿಸಿದ ಕಾರಿನ ಟೈರುಗಳು ನೆಲದ ಹಿಡಿತದಿಂದಾಗಿ ತಮ್ಮ ಸಹಜ ಜಾಗಕ್ಕೆ ಸರಿಯಲಾರದೆ, ಕಾರಿನ ಮೈ ತುಸು ಎತ್ತರದಲ್ಲೇ ನಿಂತುಬಿಡುತ್ತದೆ. ಆಗ ಅಳೆದ ಕ್ಯಾಂಬರ್ (ಮುಂದಿನಿಂದ ನೋಡಿದಾಗ ಚಕ್ರ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಮತ್ತು ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನ) ಎರಡೂ ತಪ್ಪಾಗುತ್ತವೆ. ಆದ್ದರಿಂದ ಚಕ್ರಗಳ ಕೆಳಗೆ ಜಾರುವ ತಟ್ಟೆಗಳಿರಬೇಕು, ಟೈರಿನ ಗಾಳಿ ಸರಿಯಾಗಿರಬೇಕು, ಅಳೆಯುವ ಮೊದಲು ಕಾರನ್ನು ಹಲವು ಬಾರಿ ಕೆಳಕ್ಕೆ ಒತ್ತಿ ಬಿಡಬೇಕು.

ಸವೆದ ಬುಷ್ (ಸಸ್ಪೆನ್ಶನ್ ಕೀಲುಗಳಲ್ಲಿನ ರಬ್ಬರ್ ತುಂಡು) ಇನ್ನೂ ಮೋಸದ್ದು. ನಿಂತ ಕಾರಿನಲ್ಲಿ ಅದು ದೋಷವನ್ನು ತೋರಿಸುವುದಿಲ್ಲ. ಬ್ರೇಕ್ ಒತ್ತಿದಾಗ ಮಾತ್ರ ಚಕ್ರ ಹಿಂದಕ್ಕೆ ಸರಿದು ಟೋ ಬದಲಾಗುತ್ತದೆ. ಬುಷ್, ಬಾಲ್ ಜಾಯಿಂಟ್ (ಚಕ್ರವನ್ನು ಹಿಡಿದಿರುವ ಗುಂಡುಕೀಲು), ಟೈ ರಾಡ್ (ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು) ತುದಿಗಳಲ್ಲಿ ಸಡಿಲವಿದ್ದರೆ ಅಲೈನ್‌ಮೆಂಟ್ ಮಾಡಿಸುವುದೇ ವ್ಯರ್ಥವೆಂಬುದು ನನ್ನ ದೃಢ ಅಭಿಪ್ರಾಯ. ಟೈರಿನ ಮೇಲೆ ಅಡ್ಡಲಾಗಿ ಅಂಗೈ ಆಡಿಸಿ ನೋಡಿ: ಒಂದು ದಿಕ್ಕಿಗೆ ನುಣುಪಾಗಿ, ಮರಳುವಾಗ ಗರಗಸದಂತೆ ತಾಗಿದರೆ ದೋಷ ಟೋದಲ್ಲಿದೆ, ಒಳ ಅಂಚು ಒಂದೇ ಸಮ ನುಣ್ಣಗೆ ಸವೆದಿದ್ದರೆ ಕ್ಯಾಂಬರನ್ನು ಶಂಕಿಸಬೇಕು.

ಟೋವನ್ನು ಮನೆಯಲ್ಲಿ ದಾರದಿಂದ ಅಳೆಯಬಹುದು. ಸ್ಟಿಯರಿಂಗ್ ನೇರವಾಗಿಟ್ಟು, ಕಾರಿನ ಎರಡೂ ಬದಿಗೆ ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ದಾರ ಕಟ್ಟಿ. ಎಡಬಲ ಚಕ್ರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಸಾಮಾನ್ಯವಾಗಿ ಒಂದೇ ಆಗಿರುವುದಿಲ್ಲವಾದ್ದರಿಂದ, ಮುಂದಿನ ಎರಡು ಹಬ್ಬುಗಳಿಂದ ದಾರದ ದೂರ ಎಡಬಲಕ್ಕೆ ಸಮನಾಗಿರಬೇಕು, ಹಿಂದಿನವುಗಳಿಂದಲೂ ಹಾಗೆಯೇ ಇರಬೇಕು, ಮತ್ತು ಎರಡು ದಾರಗಳ ನಡುವಿನ ಅಂತರ ಮುಂದೆಯೂ ಹಿಂದೆಯೂ ಒಂದೇ ಆಗಿರಬೇಕು. ಬಳಿಕ ರಿಮ್ಮಿನ ಮುಂದಿನ ಮತ್ತು ಹಿಂದಿನ ಅಂಚುಗಳಿಂದ ದಾರಕ್ಕಿರುವ ದೂರವನ್ನು ಅಳೆಯಿರಿ. ಮುಂದಿನ ಅಂಚು ದಾರದಿಂದ ಹೆಚ್ಚು ದೂರವಿದ್ದರೆ ಚಕ್ರ ಒಳಮುಖವಾಗಿದೆ. 400 ಮಿ.ಮೀ. ವ್ಯಾಸದ ರಿಮ್ಮಿನಲ್ಲಿ 1 ಮಿ.ಮೀ. ವ್ಯತ್ಯಾಸವೆಂದರೆ ಸುಮಾರು 0.14 ಡಿಗ್ರಿ. ರಿಮ್ಮೇ ಸೊಟ್ಟಗಿರಬಹುದು, ಅದಕ್ಕಾಗಿ ಚಕ್ರ ಅರ್ಧ ಸುತ್ತು ಉರುಳುವಷ್ಟು ಕಾರನ್ನು ಮುಂದೆ ತಳ್ಳಿ, ದಾರವನ್ನು ಹೊಸದಾಗಿ ಹೊಂದಿಸಿ, ಮತ್ತೆ ಅಳೆದು ಸರಾಸರಿ ತೆಗೆಯಬೇಕು.

ಕ್ಯಾಂಬರ್ ಅಳೆಯುವಾಗ ನೆಲ ಸಮತಟ್ಟಾಗಿರುವುದು ಮುಖ್ಯ. ಎಡಬಲ ಚಕ್ರಗಳ ಅಂತರ 1500 ಮಿ.ಮೀ. ಇದ್ದು, ನೆಲ ಒಂದು ಬದಿಗೆ 13 ಮಿ.ಮೀ. ತಗ್ಗಿದ್ದರೆ ಅರ್ಧ ಡಿಗ್ರಿಯಷ್ಟು ತಪ್ಪು ಬರುತ್ತದೆ.

ಪ್ರಶ್ನೆ: ಕ್ಯಾಸ್ಟರ್ ಅಳೆಯಲು ಸ್ಟಿಯರಿಂಗನ್ನು ಎರಡೂ ಕಡೆಗೆ ತಿರುಗಿಸುವುದೇಕೆ?

ಉತ್ತರ: ಸ್ಟಿಯರಿಂಗ್ ತಿರುಗಿಸಿದಾಗ ಚಕ್ರವು ಯಾವ ಅಕ್ಷದ ಸುತ್ತ ಹೊರಳುತ್ತದೆಯೋ ಅದು ಪಕ್ಕದಿಂದ ನೋಡಿದಾಗ ಹಿಂದಕ್ಕೋ ಮುಂದಕ್ಕೋ ವಾಲಿರುವ ಕೋನವೇ ಕ್ಯಾಸ್ಟರ್. ಆ ಅಕ್ಷವನ್ನು ಹೊರಗಿನಿಂದ ನೇರವಾಗಿ ಅಳೆಯಲಾಗದು. ಚಕ್ರವನ್ನು 20 ಡಿಗ್ರಿ ಒಂದು ಕಡೆಗೆ, ಬಳಿಕ 20 ಡಿಗ್ರಿ ಇನ್ನೊಂದು ಕಡೆಗೆ ತಿರುಗಿಸಿದಾಗ ಕ್ಯಾಂಬರ್ ಎಷ್ಟು ಬದಲಾಗುತ್ತದೆಯೋ ಅದನ್ನು ಸುಮಾರು 1.5ರಿಂದ ಗುಣಿಸಿದರೆ ಕ್ಯಾಸ್ಟರ್ ಸಿಗುತ್ತದೆ. ಕ್ಯಾಸ್ಟರ್ ಮತ್ತು ಕ್ಯಾಂಬರ್ ಬದಲಾದರೆ ಟೋ ಕೂಡ ಬದಲಾಗುವುದರಿಂದ ಟೋವನ್ನು ಕೊನೆಯಲ್ಲೇ ಹೊಂದಿಸಬೇಕು.