ಬೀದಿಯವರೆಲ್ಲ ಸೇರಿ ಸೋಲಾರ್ ಹಾಕಿಸುವಾಗ

ಓದುಗರ ಪತ್ರ: ನಮ್ಮದು ಮೈಸೂರಿನ ಒಂದು ಬಡಾವಣೆ. ಬೀದಿಯ ಹತ್ತು ಹನ್ನೆರಡು ಮನೆಯವರು ಸೇರಿ ತಾರಸಿ ಮೇಲೆ ಸೋಲಾರ್ ಕರೆಂಟ್ ಹಾಕಿಸೋಣ ಎಂದು ಮಾತಾಡಿಕೊಂಡಿದ್ದೇವೆ. ಹತ್ತು ಮನೆ ಆದರೆ ರೇಟು ಇಳಿಸುತ್ತೇನೆ, ಆದರೆ ಎಲ್ಲರ ಮುಂಗಡ ಒಂದೇ ಸಲ ಕೊಡಬೇಕು ಎನ್ನುತ್ತಾರೆ ಒಬ್ಬ ಗುತ್ತಿಗೆದಾರರು. ಗೃಹಜ್ಯೋತಿ ಇರುವಾಗ ಇದೆಲ್ಲ ಯಾಕೆ ಎಂದು ಕೆಲವರು ಕೇಳುತ್ತಾರೆ. ಒಂದೇ ದೊಡ್ಡ ತಾರಸಿಯಲ್ಲಿ ಹಾಕಿ ಎಲ್ಲರೂ ಹಂಚಿಕೊಳ್ಳಬಹುದಾ? ಎದುರು ಮನೆಯ ತೆಂಗಿನ ಮರದ ನೆರಳು ಎರಡು ತಾರಸಿಗೆ ಬೀಳುತ್ತದೆ, ಅದಕ್ಕೇನು ಮಾಡೋದು?

ಸಂಪಾದಕರ ಉತ್ತರ:

ಒಳ್ಳೆಯ ಯೋಚನೆ, ಮಾಡಿ. ಆದರೆ ಮುಂಗಡದ ಹಣ ಮಾತ್ರ ಈಗಲೇ ಕೊಡಬೇಡಿ. ಯಾಕೆ ಅಂತ ಹೇಳುತ್ತೇನೆ.

ಹೀಗೆ ಗುಂಪಾಗಿ ಕೊಳ್ಳುವುದು ಹೊಸದೇನಲ್ಲ. 2007ರಲ್ಲಿ ಅಮೆರಿಕದ ವಾಷಿಂಗ್ಟನ್ ನಗರದ ಮೌಂಟ್ ಪ್ಲೆಸೆಂಟ್ ಬಡಾವಣೆಯಲ್ಲಿ ಹನ್ನೆರಡು ವರ್ಷದ ಇಬ್ಬರು ಹುಡುಗರು ನಮ್ಮ ಮನೆಗೂ ಸೋಲಾರ್ ಬೇಕು ಎಂದು ಹಟ ಹಿಡಿದರು. ಒಂದು ಮನೆಗೆ ಪಡುವ ಪಾಡನ್ನೇ ಇಡೀ ಬಡಾವಣೆಗೆ ಪಟ್ಟರಾಯಿತು ಎಂದು ದೊಡ್ಡವರು ಲೆಕ್ಕ ಹಾಕಿದರು. ನಲವತ್ತಕ್ಕೂ ಹೆಚ್ಚು ಮನೆಗಳಿಗೆ ಸೋಲಾರ್ ಬಂತು. ಎರಡು ವರ್ಷದ ನಂತರ, 2009ರಲ್ಲಿ, ಅಮೆರಿಕದ್ದೇ ಇನ್ನೊಂದು ನಗರವಾದ ಪೋರ್ಟ್‌ಲ್ಯಾಂಡಿನ ಆಗ್ನೇಯ ಭಾಗದ ಬಡಾವಣೆಗಳವರು ಇದನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮಾಡಿದರು. ಆರು ತಿಂಗಳಲ್ಲಿ 300ಕ್ಕೂ ಹೆಚ್ಚು ಜನ ಹೆಸರು ಕೊಟ್ಟರು, 130 ಮನೆಗಳಲ್ಲಿ ಕೆಲಸ ಮುಗಿಯಿತು. ಹೆಸರು ಕೊಟ್ಟವರೆಲ್ಲ ಹಾಕಿಸಲಿಲ್ಲ, ನೋಡಿ. ನಿಮ್ಮ ಹನ್ನೆರಡು ಮನೆ ಕೊನೆಗೆ ಐದಾರಾದರೆ ಬೇಜಾರು ಮಾಡಿಕೊಳ್ಳಬೇಡಿ. ಹತ್ತು ಮನೆ ಆಗಲೇಬೇಕು ಎಂಬ ಷರತ್ತಿಗೆ ಒಪ್ಪಲೂಬೇಡಿ.

ಅಲ್ಲಿ ರೇಟು ಇಳಿಯಲು ಒಂದು ಕಾರಣವಿತ್ತು. ಆ ದೇಶದಲ್ಲಿ ಸೋಲಾರ್ ಕಂಪನಿಗೆ ಗಿರಾಕಿ ಹುಡುಕುವುದೇ ದೊಡ್ಡ ಖರ್ಚು. ಜಾಹೀರಾತು ಕೊಡಬೇಕು, ಮನೆಮನೆಗೆ ಹೋಗಬೇಕು. ಗಿರಾಕಿಗಳೇ ಗುಂಪು ಕಟ್ಟಿಕೊಂಡು ಬಂದರೆ ಅಷ್ಟೂ ಉಳಿತಾಯ. ನಮ್ಮಲ್ಲಿ ಆ ಖರ್ಚು ಅಷ್ಟಿಲ್ಲ. ಪ್ಯಾನೆಲ್, ಇನ್ವರ್ಟರ್, ಕಬ್ಬಿಣದ ಸ್ಟ್ಯಾಂಡ್, ಇವಕ್ಕೇ ಬಹುಪಾಲು ದುಡ್ಡು ಹೋಗುತ್ತದೆ. ಹಾಗಿರುವಾಗ ಯಾರಾದರೂ ತುಂಬಾ ಇಳಿಸಿದರೆ ಎಲ್ಲಿಂದ ಇಳಿಸಿದರು ಎಂದು ಕೇಳಬೇಕಲ್ವಾ? ಸಾಮಾನ್ಯವಾಗಿ ಸ್ಟ್ಯಾಂಡು ತೆಳುವಾಗುತ್ತದೆ, ವೈರು ಸಣ್ಣದಾಗುತ್ತದೆ, ಅರ್ಥಿಂಗ್ ನೆಪಮಾತ್ರಕ್ಕೆ ಇರುತ್ತದೆ.

ಅದಕ್ಕೇ ನನ್ನ ಸಲಹೆ, ಗುಂಪಿನ ಬಲವನ್ನು ರೇಟಿಗಿಂತ ಸರ್ವೀಸಿಗೆ ಬಳಸಿ. ಒಂಟಿ ಮನೆಯವರು ಫೋನ್ ಮಾಡಿದರೆ ನಾಳೆ ಬರ್ತೀನಿ ಎನ್ನುವವರು, ಒಂದೇ ಬೀದಿಯ ಎಂಟು ಮನೆಯಿಂದ ಕರೆ ಬಂದರೆ ಅವತ್ತೇ ಬರುತ್ತಾರೆ. ಕೇಂದ್ರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಹಾಕಿಸಿದರೆ ಐದು ವರ್ಷದ ನಿರ್ವಹಣೆ ಹಾಕಿದವರದೇ ಹೊಣೆ. ಅದನ್ನು ಬರವಣಿಗೆಯಲ್ಲಿ ಬಿಡಿಸಿ ಬರೆಸಿಕೊಳ್ಳಿ. ಇನ್ವರ್ಟರ್ ಕೆಟ್ಟರೆ ಎಷ್ಟು ದಿನದಲ್ಲಿ ಬರಬೇಕು, ರಿಪೇರಿ ಆಗುವ ತನಕ ಬದಲಿ ಕೊಡುತ್ತಾರಾ, ತಾರಸಿಗೆ ರಂಧ್ರ ಕೊರೆದ ಕಡೆ ನೀರು ಸೋರಿದರೆ ಯಾರು ಸರಿಮಾಡಬೇಕು. ಕೊನೆಯದನ್ನು ಜನ ಮರೆಯುತ್ತಾರೆ. ಮೊದಲ ಮಳೆಗಾಲದಲ್ಲಿ ನೆನಪಾಗುತ್ತದೆ.

ಒಟ್ಟಿಗೆ ಮಾಡಬೇಕಾದದ್ದು ಇಷ್ಟು: ಯೋಜನೆಯ ಪೋರ್ಟಲ್‌ನಲ್ಲಿ ನೋಂದಾಯಿಸಿದ ಮೂರ್ನಾಲ್ಕು ಜನರಿಂದ ಒಂದೇ ನಮೂನೆಯಲ್ಲಿ ಕೊಟೇಶನ್ ತರಿಸಿ. ಅವರು ಈಗಾಗಲೇ ಹಾಕಿರುವ ಮನೆಗಳಿಗೆ ಹೋಗಿ ಮಾತಾಡಿಸಿ. ಒಬ್ಬರನ್ನು ಆರಿಸಿ. ಅಲ್ಲಿಂದ ಮುಂದೆ ಪ್ರತಿ ಮನೆಗೂ ಬೇರೆ ಒಪ್ಪಂದ, ಬೇರೆ ಹಣ. ಒಂದೇ ಖಾತೆಗೆ ಎಲ್ಲರ ದುಡ್ಡು ಹಾಕುವುದು ಬೇಡವೇ ಬೇಡ. ಸೋಲಾರ್ ಕೈಕೊಟ್ಟರೂ ರಿಪೇರಿ ಮಾಡಿಸಬಹುದು, ನೆರೆಹೊರೆಯವರ ನಡುವೆ ದುಡ್ಡಿನ ಜಗಳ ಬಂದರೆ ಕಷ್ಟ. ಹಣವನ್ನೂ ಕಂತಾಗಿ ಕೊಡಿ. ಸಾಮಾನು ತಾರಸಿಗೆ ಬಂದಾಗ ಒಂದು ಪಾಲು, ನೀವು ಪಡೆದ ಕರೆಂಟ್, ಮರಳಿ ಕೊಟ್ಟ ಕರೆಂಟ್ ಎರಡರ ಲೆಕ್ಕವನ್ನೂ ಹಿಡಿಯುವ ಹೊಸ ಮೀಟರ್ ಕೂತು ಕರೆಂಟ್ ಹರಿದ ಮೇಲೆ ಕೊನೆಯ ಪಾಲು. ಇದಕ್ಕೆ ಒಪ್ಪದವರನ್ನು ಬಿಟ್ಟುಬಿಡಿ.

ಬೇರೆ ಒಪ್ಪಂದ ಎನ್ನಲು ಇನ್ನೊಂದು ಕಾರಣ ಸೂರ್ಯಘರ್ ಯೋಜನೆಯ ಸಬ್ಸಿಡಿ. ಮನೆಗಳಿಗೆ ಸಿಗುವುದು ಮೊದಲ 2 ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000. ಒಟ್ಟು 78,000, ಅದಕ್ಕಿಂತ ಜಾಸ್ತಿ ಇಲ್ಲ. ಅರ್ಜಿ ಹಾಕುವುದು ಆಯಾ ಮನೆಯ ಕರೆಂಟ್ ಖಾತೆಯ ಮೇಲೆ. ಕೆಲಸ ಮುಗಿದ ಮೇಲೆ ಹಣ ನೇರ ನಿಮ್ಮ ಬ್ಯಾಂಕ್ ಖಾತೆಗೇ ಬರುತ್ತದೆ. ಪ್ಯಾನೆಲ್ ದೇಶದಲ್ಲೇ ತಯಾರಾದದ್ದು ಆಗಿರಬೇಕು. ಎಷ್ಟೋ ಮನೆಗಳಲ್ಲಿ ಬಿಲ್ಲು ಇನ್ನೂ ತೀರಿಕೊಂಡ ಅಜ್ಜನ ಹೆಸರಿನಲ್ಲೇ ಬರುತ್ತಿರುತ್ತದೆ. ಹಾಗಿದ್ದರೆ ಮೊದಲು ಹೆಸರು ಬದಲಾಯಿಸಿ. ಮಹಡಿ ಮೇಲೆ ಬಾಡಿಗೆಯವರಿದ್ದು ಅವರ ಮೀಟರ್ ಬೇರೆಯಾಗಿದ್ದರೆ, ಸೋಲಾರ್ ಯಾವ ಮೀಟರ್‌ಗೆ ಸೇರಿದೆಯೋ ಅದರ ಬಿಲ್ ಮಾತ್ರ ಇಳಿಯುತ್ತದೆ.

ಈಗ ಗೃಹಜ್ಯೋತಿಯ ವಿಷಯ. ಆ ಪ್ರಶ್ನೆ ಕೇಳುವವರು ತಪ್ಪು ಹೇಳುತ್ತಿಲ್ಲ. ಮನೆಯ 2022-23ರ ತಿಂಗಳ ಸರಾಸರಿ ಬಳಕೆಗೆ ಶೇ 10 ಸೇರಿಸಿ, 200 ಯೂನಿಟ್ ಮಿತಿಯೊಳಗೆ, ಹೆಚ್ಚಿನ ಮನೆಗಳಿಗೆ ಕರೆಂಟ್ ಉಚಿತ. 120 ಯೂನಿಟ್ ಸುಟ್ಟು ಸೊನ್ನೆ ಬಿಲ್ ಪಡೆಯುವ ಮನೆಗೆ ಇವತ್ತು ಸೋಲಾರ್‌ನಿಂದ ಉಳಿಯುವುದು ಏನೂ ಇಲ್ಲ. ಅವರನ್ನು ಸುಮ್ನೆ ಒತ್ತಾಯ ಮಾಡಬೇಡಿ. ತಿಂಗಳ ಬಳಕೆ 200 ದಾಟಿದರೆ ಮಾತ್ರ ಪೂರ್ತಿ ಬಿಲ್ ಕಟ್ಟಬೇಕು. ಎಸಿ ಇರುವವರು, ಕರೆಂಟ್ ಸ್ಕೂಟರ್ ಚಾರ್ಜ್ ಮಾಡುವವರು, ತುಂಬಿದ ಮನೆಯವರು ಇವರೇ. ನಿಮ್ಮ ಗುಂಪು ಇಂಥವರದಾಗಲಿ. ಎಲ್ಲರೂ ಹಿಂದಿನ ಹನ್ನೆರಡು ತಿಂಗಳ ಬಿಲ್ ತಂದು ಒಟ್ಟಿಗೆ ಕೂತರೆ ಒಂದೇ ಸಂಜೆಯಲ್ಲಿ ಯಾರಿಗೆ ಬೇಕು, ಯಾರಿಗೆ ಬೇಡ ಗೊತ್ತಾಗುತ್ತದೆ.

ಲೆಕ್ಕ ಹೀಗಿದೆ. 1 ಕಿಲೋವ್ಯಾಟ್‌ಗೆ ಸುಮಾರು 100 ಚದರಡಿ ಬಿಸಿಲು ಬೀಳುವ ಜಾಗ ಬೇಕು. ಮಳೆಗಾಲ ಬೇಸಿಗೆ ಸೇರಿಸಿ ಸರಾಸರಿ ದಿನಕ್ಕೆ 4 ಯೂನಿಟ್ ಬರುತ್ತದೆ. 3 ಕಿಲೋವ್ಯಾಟ್ ಹಾಕಿದರೆ ತಿಂಗಳಿಗೆ 350ರ ಆಸುಪಾಸು. ಯೂನಿಟ್‌ಗೆ 6 ರೂಪಾಯಿಯಂತೆ ಹಿಡಿದರೆ 2,000 ರೂಪಾಯಿ. ಕೊಟೇಶನ್ 1.80 ಲಕ್ಷ ಎಂದುಕೊಳ್ಳಿ. ಸಬ್ಸಿಡಿ ಕಳೆದರೆ 1.02 ಲಕ್ಷ. ಬಂದದ್ದನ್ನೆಲ್ಲ ನೀವೇ ಬಳಸುವಂತಿದ್ದರೆ ನಾಲ್ಕು ವರ್ಷ ದಾಟಿದ ಮೇಲೆ ಹಾಕಿದ ದುಡ್ಡು ವಾಪಸ್. ನಿಮ್ಮ ಬಳಕೆ 220 ಯೂನಿಟ್ ಇದ್ದರೆ 3 ಕಿಲೋವ್ಯಾಟ್ ಯಾಕೆ? ಮಿಕ್ಕಿದ್ದನ್ನು ಮೈಸೂರಿನ ವಿದ್ಯುತ್ ಕಂಪನಿ ಸೆಸ್ಕ್‌ಗೆ ಮಾರಿದರೆ ಕೊಂಡ ರೇಟು ಸಿಗುವುದಿಲ್ಲ. ಪಕ್ಕದ ಮನೆಯವರು ಹಾಕಿಸಿದಷ್ಟೇ ಹಾಕಿಸಬೇಕು ಎಂಬ ಪೈಪೋಟಿ ಗುಂಪಿನಲ್ಲಿ ಬೇಗ ಹುಟ್ಟುತ್ತದೆ, ಹುಷಾರು.

ಸಭೆಯಲ್ಲಿ ಮೊದಲೇ ಹೇಳಿಬಿಡಬೇಕಾದ ಮಾತೊಂದಿದೆ. ಬ್ಯಾಟರಿ ಇಲ್ಲದ ಈ ಸೋಲಾರ್, ಬೀದಿಯ ಕರೆಂಟ್ ಹೋದರೆ ತಾನೂ ನಿಂತುಬಿಡುತ್ತದೆ. ಕಂಬದ ಮೇಲೆ ಕೆಲಸ ಮಾಡುವ ಲೈನ್‌ಮನ್‌ಗೆ ನಿಮ್ಮ ತಾರಸಿಯ ಕರೆಂಟ್ ಹೊಡೆಯಬಾರದಲ್ಲ, ಅದಕ್ಕೆ. ಇದು ತಿಳಿಯದೆ ಹಾಕಿಸಿದವರು ಮೊದಲ ಪವರ್ ಕಟ್ ದಿನ ನಿಮ್ಮ ಮನೆ ಬಾಗಿಲಿಗೇ ಬರುತ್ತಾರೆ.

ಒಂದೇ ದೊಡ್ಡ ತಾರಸಿಯ ಪ್ರಶ್ನೆಗೆ ಬರೋಣ. ಒಂದು ಕಡೆ ಉತ್ಪಾದಿಸಿ ಹಲವು ಮೀಟರ್‌ಗಳಿಗೆ ಲೆಕ್ಕದಲ್ಲಿ ಹಂಚುವ ಪದ್ಧತಿಗೆ ವರ್ಚುವಲ್ ನೆಟ್ ಮೀಟರಿಂಗ್ ಎನ್ನುತ್ತಾರೆ. ದೆಹಲಿ 2019ರಲ್ಲೇ ಇದಕ್ಕೆ ನಿಯಮ ಮಾಡಿತು. ಅಪಾರ್ಟ್‌ಮೆಂಟಿನವರಿಗೆ ಇದು ವರ. ನಿಮಗೆಲ್ಲ ಸ್ವಂತ ತಾರಸಿ ಇರುವಾಗ ಆ ಗೋಜು ಯಾಕೆ? ತಾರಸಿ ಕೊಟ್ಟವರು ನಾಳೆ ಮನೆ ಮಾರಿದರೆ? ಮೇಲೆ ಇನ್ನೊಂದು ಮಹಡಿ ಕಟ್ಟುತ್ತೇನೆ ಎಂದರೆ? ಆದರೂ ಬೇಕೇ ಬೇಕು ಎಂದರೆ ಸೆಸ್ಕ್ ಕಚೇರಿಯಲ್ಲಿ ಲಿಖಿತವಾಗಿ ಕೇಳಿ, ಲಿಖಿತ ಉತ್ತರ ಬಂದ ಮೇಲೆ ಮುಂದುವರಿಯಿರಿ.

ತೆಂಗಿನ ಮರವನ್ನು ಕಡಿಸಬೇಡಿ. ಒಂದು ಪ್ಯಾನೆಲ್ ಮೇಲೆ ಗರಿಯ ನೆರಳು ಬಿದ್ದರೂ ಅದರ ಜೊತೆ ಸಾಲಾಗಿ ಜೋಡಿಸಿದ ಉಳಿದವುಗಳ ಉತ್ಪಾದನೆ ಇಳಿಯಬಹುದು, ನಿಜ. ಬೆಳಿಗ್ಗೆ ಒಂಬತ್ತು, ಮಧ್ಯಾಹ್ನ, ಸಂಜೆ ನಾಲ್ಕಕ್ಕೆ ಆ ಎರಡು ತಾರಸಿಗಳ ಫೋಟೋ ತೆಗೆಯಿರಿ. ಸೂರ್ಯ ದಕ್ಷಿಣಕ್ಕೆ ವಾಲುವ ಡಿಸೆಂಬರಿನಲ್ಲಿ ಇನ್ನೊಮ್ಮೆ ತೆಗೆಯಿರಿ. ಒಂಬತ್ತರ ನೆರಳು ಮಾತ್ರ ಇದ್ದರೆ ನೀರಿನ ಟ್ಯಾಂಕನ್ನೋ ವಾಟರ್ ಹೀಟರನ್ನೋ ಆ ಮೂಲೆಗೆ ಸರಿಸಿ, ಪ್ಯಾನೆಲ್‌ಗಳನ್ನು ಬಿಸಿಲಿನ ಕಡೆ ಕೂರಿಸಬಹುದು. ನಡುಮಧ್ಯಾಹ್ನವೂ ನೆರಳಿದ್ದರೆ ಆ ಎರಡು ಮನೆಯವರಿಗೆ ಸೋಲಾರ್ ಬೇಡ ಎಂದು ನೀವೇ ಹೇಳಿಬಿಡಿ. ಗುತ್ತಿಗೆದಾರರು ಹೇಳುವುದಿಲ್ಲ.